ಹಾಸನದಲ್ಲಿ ಬೋಸ್ಟನ್ ಫರ್ನ್: ಸಂಕ್ರಾಂತಿ ಕಳೆದ ಮೇಲೆ ಎಲೆ ಉದುರುತ್ತಿದೆ, ಉಳಿಸಿಕೊಳ್ಳೋದು ಹೇಗೆ?

ಹಾಸನ_ಜಗಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನ ಸಿಟಿಯಲ್ಲೇ, ಪೂರ್ವಕ್ಕೆ ಬಾಗಿಲು. ಮುಂದಿನ ವರಾಂಡದಲ್ಲಿ ಎರಡು ಫರ್ನ್ ತೂಗುಹಾಕಿದ್ದೇನೆ, ಒಂದು ಮಣ್ಣಿನ ಕುಂಡದಲ್ಲಿ, ಇನ್ನೊಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ. ಎರಡನ್ನೂ ಬೋಸ್ಟನ್ ಫರ್ನ್ ಅಂತ ಹೇಳಿಯೇ ನರ್ಸರಿಯಲ್ಲಿ ಕೊಟ್ಟರು. ಮಳೆಗಾಲದಲ್ಲಿ ಎಷ್ಟು ಚೆನ್ನಾಗಿದ್ದವು ಅಂದರೆ ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಎಲ್ಲಿ ಸಿಕ್ಕಿತು ಅಂತ ಕೇಳುತ್ತಿದ್ದರು.

ಈಗ ಸಂಕ್ರಾಂತಿ ಕಳೆದ ಮೇಲೆ ಮಣ್ಣಿನ ಕುಂಡದ ಗಿಡ ಹಾಳಾಗುತ್ತಿದೆ. ಮೊದಲು ಗರಿಯ ತುದಿ ಕಂದು ಆಯಿತು, ಆಮೇಲೆ ಸಣ್ಣ ಎಲೆಗಳು ಒಂದೊಂದೇ ಒಣಗಿ ಉದುರೋಕೆ ಶುರು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ನೆಲದ ತುಂಬ. ಕೆಲವು ಗರಿಗಳಲ್ಲಿ ನಡುವಿನ ಕಡ್ಡಿ ಮಾತ್ರ ಉಳಿದಿದೆ. ಪ್ಲಾಸ್ಟಿಕ್ ಬುಟ್ಟಿಯದ್ದು ಪರವಾಗಿಲ್ಲ, ಆದರೆ ಅದರ ಎಲೆ ತಿರುಗಿಸಿ ನೋಡಿದರೆ ಹಿಂದೆ ಕಂದು ಚುಕ್ಕೆಗಳಿವೆ. ಪಕ್ಕದ ಮನೆಯವರು ಅದು ಹುಳ, ಔಷಧಿ ಹೊಡೀರಿ ಅಂತಾರೆ. ಗೊಬ್ಬರದ ಅಂಗಡಿಯಲ್ಲಿ ಗೊಬ್ಬರ ಸಾಲದು ಅಂದರು. ಎರಡು ಗಿಡದಿಂದಲೂ ಉದ್ದಕ್ಕೆ ದಾರದ ಥರ ಏನೋ ಇಳಿಬಿದ್ದಿದೆ, ಅದನ್ನು ಕತ್ತರಿಸಬೇಕಾ ಬಿಡಬೇಕಾ ಗೊತ್ತಾಗ್ತಿಲ್ಲ.

ನೀರು ದಿನಾ ಒಂದೊಂದು ಮಗ್ ಹಾಕುತ್ತೇನೆ, ಬೋರ್‌ವೆಲ್ ನೀರು. ಬೆಳಗಿನ ಬಿಸಿಲು ಒಂಬತ್ತೂವರೆ ತನಕ ಬೀಳುತ್ತೆ. ವರ್ಷವಿಡೀ ಹಸಿರಾಗಿರುತ್ತೆ ಅಂತ ಹೇಳಿ ಮಾರಿದ ಗಿಡ ಹೀಗೆ ಎಲೆ ಉದುರಿಸಬಹುದಾ? ಇನ್ನೊಂದು ವಿಷಯ, ಮನೆಯಲ್ಲಿ ಬೆಕ್ಕಿದೆ, ಉದುರಿದ ಎಲೆ ಬಾಯಿಗೆ ಹಾಕಿಕೊಳ್ಳುತ್ತೆ. ತೊಂದರೆ ಇದೆಯಾ?

ತೋಟದಮನೆ_ಮೂಡಿಗೆರೆ

ಅಕ್ಕ, ಇಷ್ಟೊಂದು ತಲೆ ಕೆಡಿಸಿಕೊಳ್ಳೋ ಗಿಡ ಅಲ್ಲ ಇದು. ನಮ್ಮಲ್ಲಿ ಮನೆ ಹಿಂದೆ ಹಲಸಿನ ಮರದ ಕೊಂಬೆಗೆ ತೂಗುಹಾಕಿದ್ದೇವೆ, ಅದರ ಪಾಡಿಗೆ ಅದು ಇದೆ. ಕುಂಡಕ್ಕೆ ಹಾಕಿರೋದು ತೋಟದ ಕೊಳೆತ ದರಗು (ಮರದಿಂದ ಉದುರಿದ ಎಲೆ), ಸ್ವಲ್ಪ ಕೆಮ್ಮಣ್ಣು, ಒಲೆಯ ಇದ್ದಿಲು ಪುಡಿ, ಅಷ್ಟೇ. ಬಾವಿಕಟ್ಟೆ ಕಲ್ಲಿನ ಸಂದಿಯಲ್ಲಿ ತಾನಾಗೇ ಹುಟ್ಟಿದ ಫರ್ನ್‌ಗಳಿಗಂತೂ ಯಾರೂ ನೀರೇ ಹಾಕಲ್ಲ.

ಗಿಡವನ್ನು ವರಾಂಡದಿಂದ ತೆಗೆದು ಯಾವುದಾದರೂ ಮರದ ಕೆಳಗೆ ಇಡಿ. ಕಾಫಿಗೆ ಹೇಗೆ ಮರದ ನೆರಳು ಬೇಕೋ ಇದಕ್ಕೂ ಹಾಗೆ. ಅಲ್ಲೇ ಬಿಟ್ಟರೆ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಿದ್ದ ಮೇಲೆ ತಾನೇ ಚಿಗುರುತ್ತೆ ನೋಡಿ.

ಗಿಡದ_ಗೀಳು (ಹಾಸನ)

ಮೂಡಿಗೆರೆ ಅಣ್ಣ ಹೇಳಿದ ಮಿಶ್ರಣ ಬಹಳ ಒಳ್ಳೆಯದು, ದರಗಿಗಿಂತ ಒಳ್ಳೆಯ ಆಹಾರ ಫರ್ನ್‌ಗೆ ಇಲ್ಲ. ಆದರೆ ಮೂಡಿಗೆರೆಯ ಫೆಬ್ರವರಿ ಬೇರೆ, ಹಾಸನದ ಫೆಬ್ರವರಿ ಬೇರೆ. ನಮ್ಮ ಜಿಲ್ಲೆಯೊಳಗೇ ನೋಡಿ, ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ, ಅರಸೀಕೆರೆಯಲ್ಲಿ 700ರ ಆಸುಪಾಸು. ಹಾಸನ ಸಿಟಿ ಇವೆರಡರ ನಡುವೆ ಇದೆ. ಮಳೆಗಾಲದಲ್ಲಿ ಮಲೆನಾಡಿನ ಥರ ಕಾಣುತ್ತೆ, ಜನವರಿ ದಾಟಿದರೆ ಬಯಲುಸೀಮೆ. ಹೂಮಳೆ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬರುವ ತನಕ ಈ ಗಿಡ ಕಾಯುವ ಸ್ಥಿತಿಯಲ್ಲಿಲ್ಲ.

ಅಕ್ಕ, ನಿಮ್ಮ ಗಿಡಕ್ಕೆ ಹುಳ ಬಿದ್ದಿಲ್ಲ, ಗೊಬ್ಬರವೂ ಕಮ್ಮಿ ಆಗಿಲ್ಲ ಅನ್ನಿಸುತ್ತೆ. ಒಣಗಾಳಿ ಹೊಡೆದಿದೆ. ಬೋಸ್ಟನ್ ಫರ್ನ್‌ನ ಮೂಲ ಜಾತಿ ಅಮೆರಿಕ ಖಂಡದ ಉಷ್ಣವಲಯದ ತೇವದ ಜಾಗಗಳದ್ದು. 1894ರಲ್ಲಿ ಫಿಲಡೆಲ್ಫಿಯಾದಿಂದ ಬೋಸ್ಟನ್ನಿಗೆ ಕಳಿಸಿದ ಗಿಡಗಳಲ್ಲಿ ಒಂದರ ಗರಿ ಮಾತ್ರ ಬಾಗಿ ಇಳಿಬಿದ್ದಿತ್ತು, ಅದರಿಂದಲೇ ಈ ತಳಿ ಬಂದದ್ದು. ಎಷ್ಟು ತಳಿ ಮಾಡಿದರೂ ಅದಕ್ಕೆ ಬೇಕಾದ್ದು ಆ ತೇವದ ಗಾಳಿಯೇ. ನಮ್ಮ ಚಳಿ ಇದಕ್ಕೆ ಏನೂ ಮಾಡಲ್ಲ, ರಾತ್ರಿ 13–14 ಡಿಗ್ರಿಗೆ ಇಳಿದರೂ ತಡೆಯುತ್ತೆ. ಮಧ್ಯಾಹ್ನ ಬೀಸುವ ಒಣಗಾಳಿಯನ್ನು ತಡೆಯಲ್ಲ. ತೂಗುಹಾಕಿದ ಕುಂಡಕ್ಕೆ ಸುತ್ತಲಿಂದಲೂ ಗಾಳಿ ಬೀಳುತ್ತೆ, ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ನೀರು ಆರುತ್ತೆ. ಪ್ಲಾಸ್ಟಿಕ್‌ನದ್ದು ಸ್ವಲ್ಪ ತಡೆದುಕೊಂಡಿರೋದಕ್ಕೆ ಇದೂ ಒಂದು ಕಾರಣ.

ಇನ್ನು ನೀರು. ದಿನಾ ಒಂದು ಮಗ್ ಹಾಕುತ್ತೀರಿ ಸರಿ, ಆದರೆ ಅದು ಬೇರಿಗೆ ಸಿಗುತ್ತಿದೆಯಾ? ಬೇರು ಕುಂಡದ ತುಂಬ ಸುತ್ತಿಕೊಂಡು ಮಧ್ಯದ ಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ಅದು ನೀರನ್ನೇ ಹೀರಲ್ಲ. ಹಾಕಿದ ನೀರು ಕುಂಡದ ಅಂಚಿನಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಬರುತ್ತೆ. ನಾವು ನೀರು ಕುಡಿಯಿತು ಅಂದುಕೊಳ್ಳುತ್ತೇವೆ, ಒಳಗೆ ಬೆರಳು ಹಾಕಿದರೆ ಪುಡಿಪುಡಿ. ಕುಂಡ ಕೆಳಗಿಳಿಸಿ ಕೈಯಲ್ಲಿ ಎತ್ತಿ ನೋಡಿ. ನೀರು ಹಾಕಿದ ಮೇಲೂ ಹಗುರ ಇದ್ದರೆ ಇದೇ ಕಥೆ.

ಹಾಗಿದ್ದರೆ ಹೀಗೆ ಮಾಡಿ. ಒಂದು ಬಕೆಟ್‌ನಲ್ಲಿ ನೀರು ತುಂಬಿಸಿ ಕುಂಡವನ್ನು ಅಂಚಿನ ತನಕ ಮುಳುಗಿಸಿ. ಗುಳುಗುಳು ಅಂತ ಗುಳ್ಳೆ ಬರುತ್ತೆ. ಅದು ನಿಲ್ಲುವ ತನಕ, ಅರ್ಧ ಗಂಟೆ ಅಂದುಕೊಳ್ಳಿ, ಹಾಗೇ ಬಿಡಿ. ಆಮೇಲೆ ಎತ್ತಿ ಪೂರ್ತಿ ಸೋರಲು ಬಿಡಿ. ಮುಂದೆ ದಿನಾ ಮಗ್ ಲೆಕ್ಕ ಬೇಡ. ಮೇಲಿನ ಮಣ್ಣು ಮುಟ್ಟಿ ನೋಡಿ, ಆರುತ್ತಾ ಬಂದಾಗ ತಳದಿಂದ ನೀರು ಬರುವಷ್ಟು ಹಾಕಿ. ಕೆಳಗೆ ತಟ್ಟೆಯಲ್ಲಿ ನೀರು ನಿಂತು ಬೇರು ಅದರಲ್ಲೇ ಮುಳುಗಿರಬಾರದು, ಕೊಳೆಯುತ್ತೆ.

ಎಲೆ ಉದುರಿ ಕಡ್ಡಿ ಮಾತ್ರ ಉಳಿದ ಗರಿಯಲ್ಲಿ ಮತ್ತೆ ಎಲೆ ಬರಲ್ಲ. ಅದನ್ನು ಬುಡದಲ್ಲೇ ಕತ್ತರಿಸಿಬಿಡಿ. ಹಾಗೆ ಕತ್ತರಿಸುವಾಗ ನಡುವೆ ಕಂದು ರೋಮ ಮೆತ್ತಿದ ಸಣ್ಣ ಸುರುಳಿಗಳು ಕಾಣುತ್ತಾ ನೋಡಿ. ಅವು ಹೊಸ ಗರಿಗಳು. ಒಂದೆರಡು ಸುರುಳಿ ಹಸಿಯಾಗಿದ್ದರೂ ಗಿಡ ಬದುಕಿದೆ ಅಂತ ಅರ್ಥ. ಅವನ್ನು ಬೆರಳಿನಿಂದ ಮುಟ್ಟಿ ಬಿಡಿಸಲು ಹೋಗಬೇಡಿ, ತುದಿ ಮುರಿದರೆ ಆ ಗರಿ ಅಲ್ಲಿಗೇ ನಿಲ್ಲುತ್ತೆ.

ನಿತ್ಯ ಹಸಿರು ಅಂದರೆ ಎಲೆ ಸಾಯೋದೇ ಇಲ್ಲ ಅಂತಲ್ಲ. ಎಲ್ಲ ಒಟ್ಟಿಗೇ ಉದುರಿ ಬೋಳಾಗಲ್ಲ ಅಂತ ಅಷ್ಟೇ. ಹಳೆಯ ಗರಿ ಹೊರಸುತ್ತಿನಲ್ಲಿ ಒಣಗುತ್ತಾ ಹೋಗುತ್ತೆ, ನಡುವಿನಿಂದ ಹೊಸದು ಬರುತ್ತಾ ಇರುತ್ತೆ. ವರ್ಷವಿಡೀ ನಾಲ್ಕಾರು ಗರಿ ಒಣಗೋದು ಸಹಜ. ನಿಮ್ಮದು ಆ ಲೆಕ್ಕ ಮೀರಿದೆ.

ಬೆಳಗಿನ ಬಿಸಿಲನ್ನು ಎಂಟು ಗಂಟೆಯ ಒಳಗೆ ನಿಲ್ಲಿಸಿ. ವರಾಂಡದ ಪೂರ್ವಕ್ಕೆ 75 ಪರ್ಸೆಂಟ್ ಬಿಸಿಲು ತಡೆಯೋ ಹಸಿರು ನೆಟ್ ಒಂದು ಕಟ್ಟಿದರೆ ಬಿಸಿಲೂ ಗಾಳಿಯೂ ಎರಡೂ ಕಮ್ಮಿ ಆಗುತ್ತೆ. ಇದಕ್ಕಿಂತ ಸುಲಭ ಅಂದರೆ ಮೇ ತನಕ ಕುಂಡಗಳನ್ನು ಕೆಳಗಿಳಿಸಿ. ಜಗಲಿಯ ಮೂಲೆಯಲ್ಲಿ, ಬೇರೆ ಗಿಡಗಳ ಗುಂಪಿನ ಮಧ್ಯೆ, ನೀರು ತುಂಬಿದ ಜಲ್ಲಿಕಲ್ಲಿನ ತಟ್ಟೆಯ ಮೇಲೆ ಇಡಿ. ಕುಂಡದ ತಳ ನೀರಿಗೆ ತಾಕದೆ ಕಲ್ಲಿನ ಮೇಲೆ ಕೂರಬೇಕು. ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯೋದು ಎಲ್ಲರೂ ಹೇಳುತ್ತಾರೆ, ಹೊಡೀರಿ, ಆದರೆ ನಮ್ಮ ಗಾಳಿಗೆ ಅದು ಸ್ವಲ್ಪ ಹೊತ್ತಲ್ಲೇ ಆರಿಹೋಗುತ್ತೆ. ಅದನ್ನೇ ನಂಬಿ ಕೂರಬೇಡಿ.

ಗೊಬ್ಬರ ಈಗ ಬೇಡವೇ ಬೇಡ. ಒಣಗಿದ ಬೇರಿಗೆ ಗೊಬ್ಬರದ ಉಪ್ಪು ಸೇರಿದರೆ ಇನ್ನೂ ಸುಡುತ್ತೆ.

ಬೋಸ್ಟನ್ ಫರ್ನ್‌ನಿಂದ ಬೆಕ್ಕು ನಾಯಿಗೆ ವಿಷ ಇಲ್ಲ, ಅದೊಂದು ಚಿಂತೆ ಬಿಡಿ. ಜಾಸ್ತಿ ತಿಂದರೆ ವಾಂತಿ ಮಾಡಬಹುದು ಅಷ್ಟೇ. ಆದರೆ ಆಸ್ಪರಾಗಸ್ ಫರ್ನ್ ಅಂತ ಮಾರುತ್ತಾರಲ್ಲ, ನಯವಾಗಿ ದಾರದಂಥ ಎಲೆಯದ್ದು, ಅದು ಫರ್ನೇ ಅಲ್ಲ. ಹಲವು ಮಕ್ಕಳ ತಾಯಿ ಬೇರಿನ ಕುಲದ್ದು. ಹೂ ಬಿಡುತ್ತೆ, ಕೆಂಪು ಹಣ್ಣು ಬಿಡುತ್ತೆ. ಫರ್ನ್ ಯಾವತ್ತೂ ಹೂ ಬಿಡಲ್ಲ. ಆ ಹಣ್ಣು ಬೆಕ್ಕಿಗೆ ಆಗಲ್ಲ, ಮನೆಗೆ ತರಬೇಡಿ.

ಚುಕ್ಕೆಯ ವಿಷಯಕ್ಕೆ ಒಂದು ಕೇಳಬೇಕು. ಚುಕ್ಕೆಗಳು ಸಾಲಾಗಿ ಇವೆಯಾ, ಅಡ್ಡಾದಿಡ್ಡಿ ಇವೆಯಾ? ಉಗುರಿನಲ್ಲಿ ಕೆರೆದರೆ ಇಡೀ ಚಿಪ್ಪು ಕಿತ್ತು ಬರುತ್ತಾ? ಎಲೆ ಅಂಟಂಟು ಇದೆಯಾ?

ಅರಸೀಕೆರೆ_ತೆಂಗು

ಮೇಲಿನವರು ಎಲ್ಲ ಸರಿಯಾಗಿ ಹೇಳಿದ್ದಾರೆ, ಬೋರ್‌ವೆಲ್ ನೀರಿನ ಬಗ್ಗೆ ನಾನು ಸೇರಿಸುತ್ತೇನೆ. ನಮ್ಮ ಕಡೆ ಬೋರ್ ನೀರಿನಲ್ಲಿ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತೆ. ಅದೇ ಉಪ್ಪು ಕುಂಡದಲ್ಲೂ ಕೂರುತ್ತೆ. ಮಣ್ಣಿನ ಕುಂಡದ ಹೊರಗೋಡೆ ನೋಡಿ ಅಕ್ಕ, ಬೆಳ್ಳಗೆ ಹಿಟ್ಟು ಮೆತ್ತಿದ ಹಾಗೆ ಇದ್ದರೆ ಉಪ್ಪು ಸೇರಿದೆ ಅಂತಲೇ. ಗರಿಯ ತುದಿ ಮೊದಲು ಕಂದಾಗೋದಕ್ಕೆ ಇದೂ ಒಂದು ಕಾರಣ. ತಾರಸಿ ಮಳೆನೀರು ಡ್ರಮ್‌ನಲ್ಲಿ ಹಿಡಿದಿಟ್ಟರೆ ಬೇಸಿಗೆಯ ಫರ್ನ್‌ಗಳಿಗೆ ಸಾಕಾಗುತ್ತೆ, ಮುಚ್ಚಳ ಹಾಕಿ, ಸೊಳ್ಳೆ ಬರುತ್ತೆ. ಅದು ಇಲ್ಲ ಅಂದರೆ ತಿಂಗಳಿಗೊಮ್ಮೆ ಕುಂಡದ ಮೇಲಿಂದ ಧಾರಾಳವಾಗಿ ನೀರು ಹರಿಸಿ ಉಪ್ಪು ತೊಳೆದು ಹೋಗೋ ಹಾಗೆ ಮಾಡಿ.

ಇನ್ನೊಂದು, ಜೂನ್‌ನಲ್ಲಿ ಕುಂಡ ಬದಲಿಸುವಾಗ ತೆಂಗಿನ ನಾರಿನ ಪುಡಿ ಹಾಕುತ್ತೀರಿ ಅಂತ ಗೊತ್ತು, ಎಲ್ಲರೂ ಹಾಕುತ್ತಾರೆ. ನಮ್ಮ ಊರಲ್ಲಿ ತೆಂಗೇ ಬದುಕು, ನಾರಿನ ಪುಡಿ ಎಲ್ಲೆಂದರಲ್ಲಿ ಸಿಗುತ್ತೆ. ಅದನ್ನು ಹಾಗೇ ಹಾಕಬಾರದು. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತೆ. ನೀರಲ್ಲಿ ನೆನೆಹಾಕಿ, ಆ ಚಹಾ ಬಣ್ಣದ ನೀರು ಬಸಿದು ಹಿಂಡಿ, ಮತ್ತೆ ನೆನೆಹಾಕಿ, ನೀರು ತಿಳಿಯಾಗೋ ತನಕ. ಅದನ್ನೊಂದೇ ತುಂಬಬೇಡಿ, ಅರ್ಧಕ್ಕಿಂತ ಜಾಸ್ತಿ ಬೇಡ. ಉಳಿದದ್ದು ಕೊಳೆತ ಎಲೆಗೊಬ್ಬರ, ದಪ್ಪ ಮರಳು, ಸ್ವಲ್ಪ ಇದ್ದಿಲು ಚೂರು.

ನಮ್ಮ ಅರಸೀಕೆರೆ ಬಿಸಿಲಿಗೆ ಬೋಸ್ಟನ್ ಕಷ್ಟ. ನಮ್ಮಲ್ಲಿ ಚೆನ್ನಾಗಿ ನಿಂತಿರೋದು ಹಾಲಿ ಫರ್ನ್. ಪೂರ್ವ ಏಷ್ಯಾದ ಗಿಡ ಅದು. ಎಲೆ ದಪ್ಪ, ಕಡು ಹಸಿರು, ಎಣ್ಣೆ ಸವರಿದಂತೆ ಮಿಂಚುತ್ತೆ. ದಪ್ಪ ಎಲೆ ಆದ್ದರಿಂದ ಒಣಗಾಳಿಯನ್ನು ಬೋಸ್ಟನ್‌ಗಿಂತ ಚೆನ್ನಾಗಿ ತಡೆಯುತ್ತೆ. ಇಳಿಬೀಳಲ್ಲ, ನೆಲದ ಕುಂಡಕ್ಕೆ ಸರಿ. ನೆರಳು ಮಾತ್ರ ಅದಕ್ಕೂ ಬೇಕು.

ಹಾಸನ_ಜಗಲಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಂಡ ಇಳಿಸಿ ಎತ್ತಿ ನೋಡಿದೆ, ನೀರು ಹಾಕಿ ಒಂದು ಗಂಟೆಯೂ ಆಗಿರಲಿಲ್ಲ, ಆದರೂ ಖಾಲಿ ಕುಂಡ ಎತ್ತಿದ ಹಾಗಿತ್ತು! ಬಕೆಟ್‌ನಲ್ಲಿ ಮುಳುಗಿಸಿದಾಗ ಎಷ್ಟು ಹೊತ್ತು ಗುಳ್ಳೆ ಬಂತು ಅಂದರೆ ನಮ್ಮ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಕುಂಡದ ಗೋಡೆಗೆ ಬಿಳಿ ಪುಡಿ ಇದೆ, ಅರಸೀಕೆರೆಯವರು ಹೇಳಿದ್ದು ಸರಿ. ಕಡ್ಡಿಗಳನ್ನೆಲ್ಲ ಕತ್ತರಿಸಿದೆ. ನಡುವೆ ಹಸಿ ಸುರುಳಿಗಳಿವೆ.

ಪ್ಲಾಸ್ಟಿಕ್ ಬುಟ್ಟಿಯ ಗಿಡದ ಚುಕ್ಕೆ: ಪ್ರತಿ ಸಣ್ಣ ಎಲೆಯಲ್ಲೂ ನಡುಗೆರೆಯ ಎರಡೂ ಕಡೆ ಒಂದೊಂದು ಸಾಲು, ಒಂದೇ ಅಳತೆ. ಕೆರೆದರೆ ಕಂದು ಪುಡಿ ಬೆರಳಿಗೆ ಅಂಟುತ್ತೆ. ಎಲೆ ಅಂಟಿಲ್ಲ. ಮಣ್ಣಿನ ಕುಂಡದ ಗಿಡದಲ್ಲಿ ಈ ಚುಕ್ಕೆ ಒಂದೂ ಇಲ್ಲ. ಬುಟ್ಟಿಯ ಮಣ್ಣು ಸ್ವಲ್ಪ ಕೆದಕಿದೆ, ಬೇರಿನಲ್ಲಿ ದೊಡ್ಡ ಬಟಾಣಿ ಗಾತ್ರದ ಉಂಡೆಗಳಿವೆ. ಟೊಮೆಟೊ ಬೇರಿಗೆ ಗಂಟು ರೋಗ ಬರುತ್ತಲ್ಲ, ಅದಾ ಇದು? ಎರಡೂ ಗಿಡ ಒಟ್ಟಿಗೇ ಇರೋದರಿಂದ ಭಯ ಆಗ್ತಿದೆ.

ಗಿಡದ_ಗೀಳು (ಹಾಸನ)

ಭಯ ಬೇಡ ಅಕ್ಕ, ಇದು ಒಳ್ಳೆಯ ಸುದ್ದಿ. ನಿಮ್ಮ ಎರಡನೇ ಗಿಡ ಬೋಸ್ಟನ್ ಅಲ್ಲ. ಅದರ ಹತ್ತಿರದ ನೆಂಟ, ನೆಫ್ರೋಲೆಪಿಸ್ ಕಾರ್ಡಿಫೋಲಿಯಾ ಅಂತ. ನಮ್ಮ ಊರುಗಳ ಹಳೆ ಮನೆ ಅಂಗಳದಲ್ಲಿ, ದಾರಿ ಅಂಚಿನಲ್ಲಿ ಸಾಲಾಗಿ ಬೆಳೆಸಿರುತ್ತಾರೆ. ಬೋಸ್ಟನ್‌ನ ಬೇರಲ್ಲಿ ಆ ಉಂಡೆ ಇರಲ್ಲ, ಇದಕ್ಕೆ ಇರುತ್ತೆ. ಒಂದನ್ನು ಕಿತ್ತು ಒಡೆದು ನೋಡಿ, ಒಳಗೆ ಬೆಳ್ಳಗೆ, ನೀರು ತುಂಬಿರುತ್ತೆ. ಅದು ರೋಗ ಅಲ್ಲ, ಗಿಡದ ನೀರಿನ ದಾಸ್ತಾನು. ಒಂದೇ ವರಾಂಡ, ಒಂದೇ ನೀರು ಆದರೂ ಇದು ತಡೆದುಕೊಂಡು ಬೋಸ್ಟನ್ ಸೋತಿದ್ದಕ್ಕೆ ಮುಖ್ಯ ಕಾರಣ ಇದೇ ಇರಬೇಕು. ಗಂಟು ರೋಗದಲ್ಲಿ ಬೇರೇ ಊದಿಕೊಂಡು ವಕ್ರ ಆಗುತ್ತೆ, ಹೀಗೆ ಬಿಡಿ ಬಿಡಿಯಾಗಿ ದುಂಡಗೆ ತೂಗಲ್ಲ.

ಆ ಚುಕ್ಕೆಗಳು ಬೀಜಕಣದ ಚೀಲಗಳು. ಹುಳ ಸಾಲು ಹಿಡಿದು ಅಳತೆ ಮಾಡಿ ಕೂರಲ್ಲ. ಶಲ್ಕ ಕೀಟ ಆಗಿದ್ದರೆ ಕಡ್ಡಿಯ ಮೇಲೂ ಎಲೆಯ ಮೇಲೂ ಎಲ್ಲೆಂದರಲ್ಲಿ ಇರುತ್ತೆ, ಉಗುರಿಗೆ ಚಿಪ್ಪಾಗಿ ಕಿತ್ತು ಬರುತ್ತೆ, ಕೆಳಗೆ ನೆಲ ಅಂಟಂಟಾಗುತ್ತೆ, ಇರುವೆ ಬರುತ್ತೆ. ಔಷಧಿ ಹೊಡೆಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು. ಫರ್ನ್ ಎಲೆಗೆ ಕೀಟನಾಶಕ ತಡೆಯಲ್ಲ, ಬೇವಿನ ಎಣ್ಣೆ ಕೂಡ ಗಟ್ಟಿಯಾದರೆ ಸುಡುತ್ತೆ. ಮುಂದೆ ನಿಜವಾಗಿ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಬಂದರೆ ಹತ್ತಿಯನ್ನು ಸೋಪಿನ ನೀರಲ್ಲಿ ಅದ್ದಿ ಒರೆಸಿ. ಏನೇ ಹೊಡೆಯೋದಿದ್ದರೂ ಒಂದು ಗರಿಗೆ ಹಾಕಿ ನಾಲ್ಕು ದಿನ ನೋಡಿ ಆಮೇಲೆ ಉಳಿದದ್ದಕ್ಕೆ.

ದಾರದ ಥರ ಇಳಿಬಿದ್ದಿರೋದು ಎರಡೂ ಗಿಡದಲ್ಲಿ ಬರುತ್ತೆ. ಮಣ್ಣು ಸಿಕ್ಕಿದ ಕಡೆ ಬೇರು ಬಿಟ್ಟು ಮರಿ ಆಗುತ್ತೆ. ಬೇಡ ಅಂದರೆ ಕತ್ತರಿಸಿ, ಗಿಡಕ್ಕೆ ಏನೂ ಆಗಲ್ಲ. ಮರಿ ಬೇಕು ಅಂದರೆ ಪಕ್ಕದಲ್ಲೊಂದು ಸಣ್ಣ ಕುಂಡ ಇಟ್ಟು ದಾರದ ತುದಿಯನ್ನು ಒದ್ದೆ ಮಣ್ಣಿನ ಮೇಲೆ ತಂತಿಯಿಂದ ಒತ್ತಿ ಹಿಡಿಸಿ.

ಹಾಸನ_ಜಗಲಿ

ಅಬ್ಬ, ಸಮಾಧಾನ ಆಯಿತು. ಹಾಗಾದರೆ ಆ ಬೀಜಕಣದಿಂದ ಸಸಿ ಮಾಡಬಹುದಾ? ಮಗಳಿಗೆ ಅದೇ ಆಸೆ. ಮತ್ತೆ ನಮ್ಮ ನೆಂಟರೊಬ್ಬರು ಚಿಕ್ಕಮಗಳೂರು ಕಡೆ ಇದ್ದಾರೆ. ಬೆಟ್ಟದ ಕಾಡಿನ ಹಳ್ಳದಲ್ಲಿ ಆಳೆತ್ತರದ ಮರದಂಥ ಫರ್ನ್ ಇದೆ, ಒಂದು ಮರಿ ಕಿತ್ತು ತಂದುಕೊಡ್ತೀನಿ, ನಿಮ್ಮ ಗೇಟಿಗೆ ಚೆನ್ನಾಗಿರುತ್ತೆ ಅಂತಿದ್ದಾರೆ. ಹಾಸನದಲ್ಲಿ ಬರುತ್ತಾ?

ಚಿಕ್ಕಮಗಳೂರು_ಹಸಿರು

ಅಕ್ಕ, ದಯವಿಟ್ಟು ತರಿಸಬೇಡಿ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಅವರು ಹೇಳ್ತಿರೋದು ಮರಫರ್ನ್. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಕಡೆ ಶೋಲಾ ಕಾಡಿನ (ಬೆಟ್ಟದ ಕಣಿವೆಗಳಲ್ಲಿರೋ ತೇವದ ಕಾಡು) ತೊರೆಗಳ ಪಕ್ಕ ಇರುತ್ತೆ. ಬಹಳ ನಿಧಾನ ಬೆಳೆಯೋ ಗಿಡ. ಆಳೆತ್ತರ ಆಗೋಕೆ ಎಷ್ಟೋ ವರ್ಷ ಬೇಕು. ಕಾಡಿನಿಂದ ಗಿಡ ಕೀಳೋದು ಕಾನೂನಿಗೆ ವಿರುದ್ಧ, ಮರಫರ್ನ್‌ಗಳ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ನಿರ್ಬಂಧವೂ ಇದೆ. ಅದು ಹಾಗಿರಲಿ, ಕಿತ್ತು ತಂದರೆ ಬದುಕೋದೂ ಇಲ್ಲ. ಅದು ನಿಂತಿರೋ ಜಾಗ ನೋಡಿದ್ದೀರಾ? ಕಾಲಡಿಗೆ ಸದಾ ಜಿನುಗುವ ನೀರು, ತಲೆಯ ಮೇಲೆ ಮರಗಳ ನೆರಳು, ಡಿಸೆಂಬರ್‌ನಲ್ಲೂ ಮಂಜು. ಹಾಸನದ ಗೇಟಿನ ಪಕ್ಕ ಏಪ್ರಿಲ್ ಮಧ್ಯಾಹ್ನ ಅದು ಒಂದು ವಾರವೂ ತಡೆಯಲ್ಲ. ತೊರೆಯ ದಡದ ಮಣ್ಣನ್ನು ಹಿಡಿದುಕೊಂಡಿರೋ ಗಿಡ ಅದು, ಪ್ರವಾಸಕ್ಕೆ ಬಂದವರು, ಊರವರು ಎಲ್ಲ ಒಂದೊಂದು ಕೀಳುತ್ತಾ ಹೋದರೆ ಏನು ಉಳಿಯುತ್ತೆ ಹೇಳಿ. ದಾರಿ ಬದಿಯ ಧರೆಯಲ್ಲಿ ಮೊದಲು ಒತ್ತಾಗಿದ್ದ ಫರ್ನ್‌ಗಳು ಈಗ ಎಷ್ಟೋ ಕಡೆ ಇಲ್ಲ. ನೋಡಿದಾಗ ಹೊಟ್ಟೆ ಉರಿಯುತ್ತೆ. ನೆಂಟರಿಗೆ ಬೇಜಾರಾಗದ ಹಾಗೆ ಬೇಡ ಅಂತ ಹೇಳಿ.

ಗೇಟಿಗೆ ದೊಡ್ಡದಾಗಿ ಕಾಣೋದು ಬೇಕಿದ್ದರೆ ನರ್ಸರಿಯಲ್ಲಿ ಬರ್ಡ್ಸ್ ನೆಸ್ಟ್ ಫರ್ನ್ ತಗೊಳ್ಳಿ. ಅಗಲವಾದ ಸೀಳದ ಎಲೆ, ನೆರಳಿದ್ದರೆ ಒಳ್ಳೆ ದೊಡ್ಡದಾಗುತ್ತೆ. ನೀರು ಮಾತ್ರ ಸುತ್ತಲೂ ಹಾಕಿ, ನಡುವಿನ ಬಟ್ಟಲಿಗೆ ಸುರಿದು ಅಲ್ಲೇ ನಿಂತರೆ ಚಿಗುರು ಕೊಳೆಯುತ್ತೆ.

ಬೀಜಕಣದಿಂದ ಸಸಿ ಖಂಡಿತ ಮಾಡಬಹುದು, ಮಗಳಿಗೆ ಮಾಡಿಸಿ. ಚುಕ್ಕೆ ಕಡು ಕಂದಾದ ಗರಿ ಕತ್ತರಿಸಿ, ಚುಕ್ಕೆ ಕೆಳಗಾಗುವಂತೆ ಬಿಳಿ ಕಾಗದದ ಮೇಲೆ ಇಟ್ಟು ಗಾಳಿ ಆಡದ ಕಡೆ ಒಂದೆರಡು ದಿನ ಬಿಡಿ. ನಯವಾದ ಪುಡಿ ಉದುರಿರುತ್ತೆ. ಎಲೆಗೊಬ್ಬರ, ನಾರಿನ ಪುಡಿ ಜರಡಿ ಹಿಡಿದು, ಕುದಿಯುವ ನೀರು ಸುರಿದು ತಣ್ಣಗಾದ ಮೇಲೆ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮೇಲೆ ಪುಡಿ ಉದುರಿಸಿ ಮುಚ್ಚಳ ಮುಚ್ಚಿ. ಪುಡಿಯ ಮೇಲೆ ಮಣ್ಣು ಹಾಕಬೇಡಿ, ಬೆಳಕು ಬೇಕು, ಬಿಸಿಲು ಬೇಡ. ಕೆಲವು ವಾರಕ್ಕೆ ಹಸಿರು ಪಾಚಿಯ ಹಾಗೆ ಕಾಣುತ್ತೆ. ಹತ್ತಿರದಿಂದ ನೋಡಿದರೆ ಉಗುರಿಗಿಂತ ಚಿಕ್ಕ ಹೃದಯದ ಆಕಾರದ ಚೂರುಗಳು. ಫರ್ನ್ ಅಲ್ಲಿಂದಲೇ ಏಳೋದು. ಆದರೆ ಅದರ ಮೇಲೆ ತೆಳ್ಳಗೆ ನೀರಿನ ಪೊರೆ ಇಲ್ಲದಿದ್ದರೆ ಗಂಡು ಕೋಶ ಈಜಿ ಹೆಣ್ಣು ಕೋಶ ಸೇರೋಕಾಗಲ್ಲ, ಸಸಿ ಏಳಲ್ಲ. ಅದಕ್ಕೇ ಡಬ್ಬಿ ಒಣಗಬಾರದು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಬೋಸ್ಟನ್‌ನಿಂದ ಇದನ್ನು ನಿರೀಕ್ಷಿಸಬೇಡಿ, ಅದರ ಬೀಜಕಣ ಸಾಮಾನ್ಯವಾಗಿ ಬಂಜೆ. ಅದನ್ನು ಬುಡ ಒಡೆದೋ ದಾರದ ಮರಿಯಿಂದಲೋ ಮಾಡಬೇಕು.

ಹಾಸನ_ಜಗಲಿ

ನೆಂಟರಿಗೆ ಫೋನ್ ಮಾಡಿ ಬೇಡ ಅಂತ ಹೇಳಿದೆ. ಅವರೂ ಒಪ್ಪಿದರು. ಒಂದೇ ಕೊನೆಯ ಪ್ರಶ್ನೆ, ಬೋಸ್ಟನ್‌ಗೆ ಕುಂಡ ಬದಲಿಸೋದು ಈಗಲೇ ಮಾಡಬಹುದಾ? ಬೇರು ತಳದ ತೂತಿನಿಂದ ಹೊರಗೆ ಬಂದಿದೆ.

ಗಿಡದ_ಗೀಳು (ಹಾಸನ)

ಈಗ ಬೇಡ. ಸೋತ ಗಿಡದ ಬೇರು ಕದಲಿಸಿದರೆ ಇನ್ನೂ ಸೊರಗುತ್ತೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾಡಿ. ಹಿಂದಿನ ಸಂಜೆ ಚೆನ್ನಾಗಿ ನೀರು ಕುಡಿಸಿ. ಕುಂಡದಿಂದ ತೆಗೆದು ಬೇರಿನ ಮುದ್ದೆಯನ್ನು ಹರಿತ ಚಾಕುವಿನಿಂದ ಎರಡೇ ಭಾಗ ಮಾಡಿ, ಪ್ರತಿ ಭಾಗದಲ್ಲೂ ಸುರುಳಿ ಚಿಗುರು ಇರಬೇಕು. ಹೊಸ ಕುಂಡ ಹಳೆಯದಕ್ಕಿಂತ ಎರಡು ಇಂಚು ಅಗಲ ಇದ್ದರೆ ಸಾಕು, ತೀರಾ ದೊಡ್ಡದಾದರೆ ನೀರು ನಿಲ್ಲುತ್ತೆ. ಬುಡವನ್ನು ಮೊದಲಿದ್ದ ಮಟ್ಟಕ್ಕೇ ನೆಡಿ, ಹೂಳಬೇಡಿ. ಹೊಸ ಗರಿ ಬಂದ ಮೇಲೆ 19:19:19 ಅನ್ನೋ ನೀರಲ್ಲಿ ಕರಗುವ ಗೊಬ್ಬರ ಲೀಟರ್ ನೀರಿಗೆ ಒಂದು ಗ್ರಾಂ, ಮೂರು ನಾಲ್ಕು ವಾರಕ್ಕೊಮ್ಮೆ, ಸೆಪ್ಟೆಂಬರ್ ತನಕ. ಮಳೆಗಾಲದಲ್ಲಿ ಬಸವನಹುಳು ಎಳೆ ಸುರುಳಿಯನ್ನೇ ತಿನ್ನುತ್ತೆ, ರಾತ್ರಿ ಟಾರ್ಚ್ ಹಿಡಿದು ಕುಂಡದ ತಳ ನೋಡುತ್ತಿರಿ.

ಮಣ್ಣಿನ ಕುಂಡವೇ ಇಷ್ಟ ಅಂದರೆ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಒದ್ದೆ ನಾರು ತುರುಕಿ. ತೊಳೆದ ನಾರು ಹಾಕಿ.